ಡಿಕಾಕ್ಷನ್ ಇಳಿಯುವಷ್ಟು ಹೊತ್ತು: ಮುಂದೂಡುತ್ತ ಬಂದ ಓದನ್ನು ಕೈಗೆತ್ತಿಕೊಳ್ಳಲು ಒಂದು ಸಮಗ್ರ ಮಾರ್ಗದರ್ಶಿ

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ನಮ್ಮ ಮನೆಯ ಕಪಾಟಿನಲ್ಲಿ ಎಂಟು ವರ್ಷ ಕಾದಿತ್ತು. 62ನೇ ಪುಟದಲ್ಲಿ ಗುರುತಿಗೆಂದು ಒಂದು ಲಗ್ನಪತ್ರಿಕೆಯನ್ನು ಸಿಕ್ಕಿಸಿದ್ದೆ. ಆ ಪತ್ರಿಕೆಯ ದಂಪತಿಗಳು ಮಗಳು ಒಂದನೇ ತರಗತಿಗೆ ಸೇರಿದಳೆಂದು ಸಿಹಿ ತಂದುಕೊಟ್ಟ ದಿನ, ರಾತ್ರಿ ಪುಸ್ತಕ ತೆಗೆದು ನೋಡಿದೆ. ಪತ್ರಿಕೆ ಅಲ್ಲೇ ಇತ್ತು. ಅದರ ಅಂಚಿನ ಅರಿಸಿನ ಮಾತ್ರ ಪುಟಕ್ಕೆ ಇಳಿದಿತ್ತು. ನನಗೆ ನಿಜವಾಗಿಯೂ ದುಃಖವಾಯಿತು. ಆ ಎಂಟು ವರ್ಷಗಳಲ್ಲಿ ನಾನು ಓದದೆ ಕುಳಿತಿರಲಿಲ್ಲ. ಕಚೇರಿಯ ಸುತ್ತೋಲೆ, ಶಾಲೆಯ ಸೂಚನೆ, ಮೊಬೈಲಿಗೆ ಬಂದು ಬೀಳುವ ನೂರಾರು ಸಂದೇಶ, ಎಲ್ಲವನ್ನೂ ಓದಿದ್ದೆ. ಆಸೆಪಟ್ಟು ಕೊಂಡು ತಂದದ್ದು ಮಾತ್ರ ಉಳಿದುಹೋಗಿತ್ತು.

‘ಪುರುಸೊತ್ತಾದಾಗ ಓದೋಣ’ ಎಂದು ನಾವೆಲ್ಲ ಹೇಳುತ್ತೇವೆ. ನನ್ನ ಅಜ್ಜಿಯ ಮನೆಯಲ್ಲಿ ಶ್ರಾವಣ ಮಾಸದ ಸಂಜೆಗಳಲ್ಲಿ ಭಾರತ ವಾಚನ ನಡೆಯುತ್ತಿತ್ತು. ದೀಪ ಹಚ್ಚಿದ ಮೇಲೆ ಒಬ್ಬರು ರಾಗವಾಗಿ ಓದುವರು, ಉಳಿದವರು ಹೂಬತ್ತಿ ಹೊಸೆಯುತ್ತ ಕೇಳುವರು. ಆ ಮನೆಯಲ್ಲಿ ಹದಿನಾಲ್ಕು ಜನರಿಗೆ ಅಡುಗೆ, ಕೊಟ್ಟಿಗೆಯಲ್ಲಿ ದನ, ಗದ್ದೆಯಲ್ಲಿ ಕಳೆ ಎಲ್ಲವೂ ಇತ್ತು, ಪುರುಸೊತ್ತು ಯಾರಿಗೂ ಇರಲಿಲ್ಲ. ಆದರೆ ಓದಿಗೊಂದು ಹೊತ್ತು ಗೊತ್ತಾಗಿತ್ತು. ಹೊತ್ತು ಗೊತ್ತುಮಾಡುವ ಆ ಕ್ರಮವನ್ನು ಇಂದಿನ ಮನೆಯಲ್ಲಿ, ಇಂದಿನ ಕೆಲಸಗಳ ನಡುವೆ ಮತ್ತೆ ಹೇಗೆ ಕೂಡಿಸಿಕೊಳ್ಳಬಹುದು ಎಂಬುದನ್ನು ನಾನು ಮಾಡಿ ನೋಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ.

1. ಪುಸ್ತಕಗಳನ್ನು ಚಾಪೆಯ ಮೇಲೆ ಹರಡಿ

ಒಂದು ಭಾನುವಾರ ಮಧ್ಯಾಹ್ನ, ಅರ್ಧಕ್ಕೆ ಬಿಟ್ಟ ಮತ್ತು ತಂದು ತೆರೆಯದ ಪುಸ್ತಕಗಳನ್ನೆಲ್ಲ ಕಪಾಟಿನಿಂದ ಇಳಿಸಿ. ಮೊಬೈಲಿನಲ್ಲಿ ಕೊಂಡಿಟ್ಟ ಇ-ಪುಸ್ತಕಗಳಿದ್ದರೆ ಅವುಗಳ ಹೆಸರನ್ನು ಚೀಟಿಗಳಲ್ಲಿ ಬರೆದು ಸಾಲಿನಲ್ಲಿ ಸೇರಿಸಿ. ಒಂದೊಂದನ್ನೇ ಎತ್ತಿಕೊಂಡು ಕೇಳಿಕೊಳ್ಳಿ: ಇದನ್ನು ಓದುವ ಆಸೆ ನನಗಿದೆಯೇ, ಅಥವಾ ಓದಿದವಳು ಎನಿಸಿಕೊಳ್ಳುವ ಆಸೆ ಮಾತ್ರವೇ? ನನ್ನ ಚಾಪೆಯ ಮೇಲಿದ್ದ ಮೂವತ್ತೊಂದು ಪುಸ್ತಕಗಳಲ್ಲಿ ಹನ್ನೆರಡು ಎರಡನೆಯ ಗುಂಪಿಗೆ ಸೇರಿದವು. ಅವನ್ನು ಬೇಕಾದವರಿಗೆ ಕೊಟ್ಟುಬಿಟ್ಟೆ. ಓದಲಾಗದ ಪುಸ್ತಕದ ಪಕ್ಕದಲ್ಲೇ ಓದಬೇಕಾದ ಪುಸ್ತಕವನ್ನು ಇಟ್ಟರೆ ಮೊದಲನೆಯದರ ಭಾರ ಎರಡನೆಯದಕ್ಕೂ ತಗಲುತ್ತದೆ.

ಉಳಿದವುಗಳಲ್ಲಿ ಒಂದನ್ನು, ಒಂದನ್ನೇ, ಹೊರಗಿಡಿ. ಇನ್ನುಳಿದವು ಕಪಾಟಿಗೆ ಹೋಗಲಿ. ಮೂರು ಪುಸ್ತಕ ಹೊರಗಿದ್ದರೆ ಪ್ರತಿದಿನ ಯಾವುದನ್ನು ಓದಲಿ ಎಂದು ಯೋಚಿಸುವುದರಲ್ಲೇ ಹತ್ತು ನಿಮಿಷ ಕಳೆಯುತ್ತದೆ. ಬಹಳ ವರ್ಷ ಓದು ಬಿಟ್ಟವರು ನೂರೈವತ್ತು ಪುಟದೊಳಗಿನ ಪುಸ್ತಕದಿಂದ ಆರಂಭಿಸುವುದು ಒಳ್ಳೆಯದು. ನನಗೆ ಹಟವಿತ್ತು, ದೊಡ್ಡದನ್ನೇ ಹಿಡಿದೆ.

2. ನಿಮ್ಮ ಓದಿನ ವೇಗವನ್ನು ಅಳೆಯಿರಿ

ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ ಓದಿ. ಎಷ್ಟು ಪುಟವಾಯಿತೆಂದು ಬರೆದಿಡಿ. ಮೂರು ದಿನ ಹೀಗೆ ಮಾಡಿದರೆ ಸರಾಸರಿ ಸಿಗುತ್ತದೆ. ಇದನ್ನು ಬೇರೆ ಯಾರ ಲೆಕ್ಕದೊಂದಿಗೂ ಹೋಲಿಸಬೇಡಿ. ಪುಸ್ತಕದಿಂದ ಪುಸ್ತಕಕ್ಕೂ ಅದು ಬದಲಾಗುತ್ತದೆ. ಪತ್ತೇದಾರಿ ಕಾದಂಬರಿಯಾದರೆ ಇಪ್ಪತ್ತು ನಿಮಿಷಕ್ಕೆ ನಾನು ಹದಿನಾರು ಪುಟ ಓದುತ್ತೇನೆ, ‘ಮದುಮಗಳು’ ಎಂಟೇ ಪುಟ ಸಾಗಿತು.

ಈಗ ಲೆಕ್ಕ ಹಾಕಿ. ನನ್ನ ಪ್ರತಿಯಲ್ಲಿ ಏಳುನೂರಕ್ಕೂ ತುಸು ಹೆಚ್ಚು ಪುಟಗಳಿವೆ. ದಿನಕ್ಕೆ ಎಂಟರಂತೆ ಸುಮಾರು 88 ದಿನ. ಚಾಂದ್ರಮಾನದ ಮೂರು ತಿಂಗಳೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಯುಗಾದಿಯ ದಿನ ಹಿಡಿದರೆ, ನಡುವೆ ಅಧಿಕ ಮಾಸ ಬರದ ವರ್ಷದಲ್ಲಿ, ಆಷಾಢ ಹುಟ್ಟುವ ಹೊತ್ತಿಗೆ ಮುಗಿಯಬೇಕು. ಎಂಟು ವರ್ಷ ಹೆದರಿಸಿದ್ದ ಪುಸ್ತಕಕ್ಕೆ ಬೇಕಾದದ್ದು ಒಂದು ಬೇಸಿಗೆ ಎಂದು ಕಾಗದದ ಮೇಲೆ ಕಂಡಾಗ ನನ್ನ ಎದೆ ಹಗುರಾಯಿತು. ನೀವೂ ಈ ಲೆಕ್ಕವನ್ನು ಬಾಯಲ್ಲಿ ಹಾಕದೆ ಬರೆದೇ ಹಾಕಿ, ಗುರುತಿನ ಚೀಟಿಯ ಹಿಂಬದಿಯಲ್ಲೇ ಬರೆದರೂ ಸರಿ.

3. ಮೂರು ದಿನಗಳ ದಿನಚರಿ

ಬೆಳಗಿನಿಂದ ರಾತ್ರಿಯವರೆಗೆ ಏನೇನು ಮಾಡಿದಿರಿ ಎಂದು ಮೂರು ದಿನ ಬರೆದಿಡಿ. ಅದರಲ್ಲಿ ಒಂದು ರಜಾದಿನವೂ ಇರಲಿ. ನಿಮ್ಮನ್ನು ನೀವೇ ದೂಷಿಸಿಕೊಳ್ಳಲು ಇದನ್ನು ಬಳಸಬೇಡಿ, ಹೊತ್ತಿನ ಸ್ವಭಾವ ತಿಳಿಯಲೆಂದು ಬರೆಯಿರಿ.

ಹೊತ್ತಿನಲ್ಲಿ ಎರಡು ಬಗೆಯಿದೆ. ಒಂದು ಚೂರು ಹೊತ್ತು. ಕುಕ್ಕರ್ ಮೂರನೆಯ ಸಲ ಕೂಗುವ ತನಕ, ಲಿಫ್ಟಿಗೆ ಕಾಯುವಾಗ, ಮಗಳ ಸಂಗೀತದ ಪಾಠ ಮುಗಿದು ಅವಳು ಚಪ್ಪಲಿ ಹುಡುಕುವ ತನಕ. ಇನ್ನೊಂದು ಇಡಿ ಹೊತ್ತು. ಹದಿನೈದು ಇಪ್ಪತ್ತು ನಿಮಿಷ ಯಾರೂ ಕರೆಯುವುದಿಲ್ಲ ಎಂಬ ಭರವಸೆಯಿರುವಂಥದು. ‘ಸಿಕ್ಕ ಸಿಕ್ಕ ಐದು ನಿಮಿಷದಲ್ಲೆಲ್ಲ ಓದಿ’ ಎಂದು ಸಲಹೆ ಕೊಡುವವರು ಬಹಳ. ಕಾದಂಬರಿಯ ಮಟ್ಟಿಗೆ ಆ ಸಲಹೆ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾದಂಬರಿಯ ಲೋಕದೊಳಗೆ ಹೋಗುವುದಕ್ಕೇ ನಾಲ್ಕೈದು ನಿಮಿಷ ಬೇಕು. ಒಳಗೆ ಕಾಲಿಡುವಷ್ಟರಲ್ಲಿ ಕುಕ್ಕರ್ ಕೂಗಿದರೆ ಓದಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ, ಮರುದಿನ ಅದೇ ಪುಟವನ್ನು ಮತ್ತೆ ಓದುತ್ತೇವೆ, ನಾಲ್ಕು ದಿನದಲ್ಲಿ ಬೇಸರ ಹುಟ್ಟುತ್ತದೆ. ನನ್ನ ಲಗ್ನಪತ್ರಿಕೆ 62ನೇ ಪುಟದಲ್ಲಿ ನಿಂತದ್ದು ಹೀಗೆಯೇ.

ಚೂರು ಹೊತ್ತಿಗೆ ಚೂರಿನಲ್ಲೇ ಪೂರ್ಣವಾಗುವುದನ್ನು ಕೊಡಿ: ಒಂದು ವಚನ, ಒಂದು ಸಣ್ಣ ಪದ್ಯ. ಡಿ.ವಿ.ಜಿ. ಅವರು 1943ರಲ್ಲಿ ಪ್ರಕಟಿಸಿದ ‘ಮಂಕುತಿಮ್ಮನ ಕಗ್ಗ’ದಲ್ಲಿ 945 ಪದ್ಯಗಳಿವೆ, ಒಂದೊಂದೂ ನಾಲ್ಕೇ ಸಾಲು. ಕುಕ್ಕರ್ ಕೂಗುವ ನಡುವೆ ದಿನಕ್ಕೊಂದು ಓದಿದರೂ ಎರಡೂವರೆ ವರ್ಷಕ್ಕೆ ಸಾಕಾಗುವಷ್ಟಿದೆ. ಕಾದಂಬರಿ, ಆತ್ಮಕಥೆ, ಇತಿಹಾಸಗಳಿಗೆ ಇಡಿ ಹೊತ್ತನ್ನೇ ಮೀಸಲಿಡಿ. ದಿನಚರಿಯಲ್ಲಿ ಅಂಥ ಒಂದೇ ಒಂದು ಇಪ್ಪತ್ತು ನಿಮಿಷ ಸಿಕ್ಕರೂ ಸಾಕು.

4. ಓದನ್ನು ಒಂದು ಕೆಲಸಕ್ಕೆ ಗಂಟುಹಾಕಿ

‘ದಿನಾ ಬೆಳಿಗ್ಗೆ ಆರಕ್ಕೆ ಓದುತ್ತೇನೆ’ ಎಂಬ ಸಂಕಲ್ಪ ನನ್ನಲ್ಲಿ ಒಂದು ವಾರವೂ ಉಳಿಯಲಿಲ್ಲ. ಒಂದು ದಿನ ಆರೂಕಾಲಾದರೆ ಸಂಕಲ್ಪ ಮುರಿದಂತೆ, ಮುರಿದ ಮೇಲೆ ನಾಳೆಗೆ ನೋಡೋಣ ಎಂಬ ಮಾತು. ಗಡಿಯಾರದ ಬದಲು, ಎಂದೂ ತಪ್ಪದ ಒಂದು ಮನೆಗೆಲಸಕ್ಕೆ ಓದನ್ನು ಕಟ್ಟಿದ ಮೇಲೆ ಅದು ನಿಂತಿತು.

ನಮ್ಮ ಮನೆಯಲ್ಲಿ ಎಂದೂ ತಪ್ಪದ್ದು ಫಿಲ್ಟರ್ ಕಾಫಿ. ಮೇಲಿನ ಬಟ್ಟಲಿಗೆ ಪುಡಿ ಹಾಕಿ, ಹದವಾಗಿ ಒತ್ತಿ, ಕುದಿಯುವ ನೀರು ಹುಯ್ದು ಮುಚ್ಚಿದರೆ ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯಲು ಹದಿನೈದರಿಂದ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಚಿಕೋರಿ ಹೆಚ್ಚಿದ್ದರೆ ಇನ್ನೂ ನಿಧಾನ. ಅದನ್ನು ಅವಸರಪಡಿಸಲು ಬರುವುದಿಲ್ಲ, ಪಕ್ಕದಲ್ಲಿ ನಿಂತು ಕಾಯಬೇಕಾಗಿಯೂ ಇಲ್ಲ. ಮೊದಲು ಆ ಹೊತ್ತಿನಲ್ಲಿ ನಾನು ಮೊಬೈಲ್ ನೋಡುತ್ತಿದ್ದೆ. ಈಗ ನೀರು ಹುಯ್ದ ಕೂಡಲೇ ಅಡುಗೆಮನೆಯ ಕಿಟಕಿಯ ಬಳಿಯ ಸ್ಟೂಲಿನ ಮೇಲೆ ಕೂರುತ್ತೇನೆ. ಪುಸ್ತಕ ಹಿಂದಿನ ರಾತ್ರಿಯೇ ಕಾಫಿಪುಡಿಯ ಡಬ್ಬಿಯ ಪಕ್ಕಕ್ಕೆ ಬಂದಿರುತ್ತದೆ. ಈ ರಾತ್ರಿಯ ಕೆಲಸವನ್ನು ಚಿಕ್ಕದೆಂದು ಬಿಡಬೇಡಿ. ಬೆಳಿಗ್ಗೆ ಎದ್ದು ಪುಸ್ತಕ ಹುಡುಕಲು ಕೋಣೆಗೆ ಹೋದರೆ, ಅಲ್ಲಿ ಮಡಚದ ಬಟ್ಟೆ ಕಾಣುತ್ತದೆ, ಅದನ್ನು ಮಡಚುವಷ್ಟರಲ್ಲಿ ಕಾಫಿ ತಯಾರು.

ಕಾಫಿ ಕುಡಿಯದವರಿಗೆ ಬೇರೆ ಗಂಟು ಸಿಗುತ್ತದೆ. ಕರಾವಳಿಯ ಮನೆಗಳಲ್ಲಿ ಕುಚ್ಚಲಕ್ಕಿ ಬೇಯಲು ಬೇಕಾದ ಮುಕ್ಕಾಲು ಗಂಟೆಯಿದೆ. ಹೊಲಕ್ಕೆ ನೀರು ಬಿಟ್ಟು ಮಡಿ ತುಂಬುವುದನ್ನು ಕಾಯುವ ಹೊತ್ತಿದೆ. ಮಗುವನ್ನು ಆಟದ ಮೈದಾನಕ್ಕೆ ಬಿಟ್ಟು ಕಲ್ಲುಬೆಂಚಿನ ಮೇಲೆ ಕೂರುವ ಸಂಜೆಯಿದೆ. ನೋಡಬೇಕಾದದ್ದು ಮೂರೇ: ಆ ಕೆಲಸ ದಿನವೂ ನಡೆಯಬೇಕು, ಅದರಲ್ಲಿ ನಿಮ್ಮ ಕೈ ಬಿಡುವಾಗಿರಬೇಕು, ಅದು ತಾನಾಗಿ ಮುಗಿಯಬೇಕು. ರಾತ್ರಿ ಹಾಸಿಗೆಯಲ್ಲಿ ಓದುವ ಅಭ್ಯಾಸ ಇದ್ದವರಿಗೆ ಅದೇ ಸರಿ. ಇಲ್ಲದವರು ದಿನದ ಕೊನೆಯ ದಣಿವಿಗೆ ಓದನ್ನು ಒಪ್ಪಿಸಬಾರದು, ಎರಡನೇ ಪುಟಕ್ಕೆ ಪುಸ್ತಕ ಎದೆಯ ಮೇಲೆ ಬೀಳುತ್ತದೆ.

ಮೊಬೈಲಿನ ವಿಷಯ ಚಿಕ್ಕದು. ಅದು ಬೇರೆ ಕೋಣೆಯಲ್ಲಿ ಚಾರ್ಜಿಗೆ ಇರಲಿ. ಮೊಬೈಲಿನಲ್ಲೇ ಓದುವವರು ಪುಸ್ತಕವನ್ನು ಮೊದಲೇ ಇಳಿಸಿಕೊಂಡು ಏರೋಪ್ಲೇನ್ ಮೋಡ್ ಹಾಕಿ ಓದಿ.

5. ಕಣ್ಣು ಮತ್ತು ಬೆಳಕು

ಇದನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ಒತ್ತಿ ಹೇಳುತ್ತೇನೆ. ನಲವತ್ತು ದಾಟಿದವರು ‘ಈಚೆಗೆ ಓದಲು ಮನಸ್ಸೇ ನಿಲ್ಲುವುದಿಲ್ಲ’ ಎಂದರೆ ಮೊದಲು ಕಣ್ಣನ್ನು ಪರೀಕ್ಷೆ ಮಾಡಿಸಿಕೊಳ್ಳಲಿ. ವಯಸ್ಸಾದಂತೆ ಕಣ್ಣಿನ ಮಸೂರ ಗಡುಸಾಗಿ ಹತ್ತಿರದ ಅಕ್ಷರಕ್ಕೆ ಹೊಂದಿಕೊಳ್ಳುವ ಶಕ್ತಿ ಕುಗ್ಗುತ್ತದೆ. ನಮ್ಮವರು ಆ ಕನ್ನಡಕಕ್ಕೆ ಚಾಳೀಸು ಎಂದು ಹೆಸರಿಟ್ಟದ್ದೇ ನಲವತ್ತರ ಲೆಕ್ಕದಿಂದ. ದಪ್ಪ ಕಾದಂಬರಿಗಳ ಒತ್ತಕ್ಷರಗಳು ಮಸುಕಾದಾಗ ತಲೆ ನೋಯುತ್ತದೆ, ನಾವು ಪುರುಸೊತ್ತಿಲ್ಲ ಎಂದುಕೊಳ್ಳುತ್ತೇವೆ. ನನ್ನ ಓದು ನಿಂತುಹೋಗಲು ಅರ್ಧ ಕಾರಣ ಇದೇ ಆಗಿತ್ತು. ಕನ್ನಡಕ ಬಂದ ವಾರದಲ್ಲೇ ಆರು ಪುಟವಿದ್ದದ್ದು ಎಂಟಕ್ಕೆ ಏರಿತು. ಕನ್ನಡಕವನ್ನೂ ಪುಸ್ತಕದ ಜೊತೆಯಲ್ಲೇ ಇಡಿ. ದೀಪ ನಿಮ್ಮ ಬೆನ್ನ ಹಿಂದೆ ನೇರವಾಗಿರದೆ ಪಕ್ಕದಿಂದ ಪುಟದ ಮೇಲೆ ಬೀಳಲಿ, ನಿಮ್ಮದೇ ನೆರಳು ಅಡ್ಡ ಬರಬಾರದು.

6. ಮನೆಯವರಿಗೆ ಹೇಳಿ

ಪುಸ್ತಕ ಹಿಡಿದು ಕೂತ ಗಂಡಸನ್ನು ಓದುತ್ತಿದ್ದಾನೆ ಎನ್ನುತ್ತಾರೆ, ಹೆಂಗಸನ್ನು ಸುಮ್ಮನೆ ಕೂತಿದ್ದಾಳೆ ಎನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಓದು ನಿಂತಿರುವುದು ಸಮಯದ ಕೊರತೆಗಿಂತ ಈ ನೋಟದಿಂದ. ಯಾರಾದರೂ ಬಂದ ಸದ್ದಾದರೆ ಪುಸ್ತಕ ಮಡಚಿ ಎದ್ದು ನಿಲ್ಲುವುದು ನನಗೂ ಅಭ್ಯಾಸವಾಗಿತ್ತು.

ಕದ್ದು ಓದಬೇಡಿ. ಎಷ್ಟು ಹೊತ್ತು, ಎಲ್ಲಿಯವರೆಗೆ ಎಂದು ಮೊದಲೇ ಹೇಳಿಬಿಡಿ. ನಮ್ಮ ಅತ್ತೆ ಮೊದಲ ದಿನ ಕೇಳಿದರು, “ಏನಮ್ಮಾ, ಬೆಳ್ಳಂಬೆಳಿಗ್ಗೆಯೇ ಪುಸ್ತಕ ಹಿಡಿದಿದ್ದೀಯಲ್ಲ?”

“ಡಿಕಾಕ್ಷನ್ ಇಳಿಯುವವರೆಗೆ ಮಾತ್ರ ಅತ್ತೆ. ಆಮೇಲೆ ನಿಮಗೆ ಕಾಫಿ ಬೆರೆಸಿಕೊಡುತ್ತೇನೆ.”

ಅವರು ಸುಮ್ಮನಾದರು. ಮುಗಿಯುವ ಹೊತ್ತು ಗೊತ್ತಿದ್ದರೆ ಕಾಯಲು ಯಾರಿಗೂ ಕಷ್ಟವಿಲ್ಲ. ಒಂದು ವಾರ ಕಳೆದ ಮೇಲೆ ಇನ್ನೊಂದು ಉಪಕಾರವಾಯಿತು. ಅತ್ತೆಯ ತವರು ತೀರ್ಥಹಳ್ಳಿಯ ಕಡೆ. ತಡಬೆ, ಉಣುಗೋಲು, ಕಂಬಳಿಕೊಪ್ಪೆ ಮುಂತಾದ ಮಲೆನಾಡಿನ ಮಾತುಗಳು ಬಂದಾಗ ನಾನು ಅವರನ್ನು ಕೇಳತೊಡಗಿದೆ. ಬೇಲಿ ದಾಟುವ ತಡಬೆ ಹೇಗಿರುತ್ತದೆಂದು ಅವರು ಎರಡು ಚಮಚಗಳನ್ನು ಅಡ್ಡಡ್ಡ ಇಟ್ಟು ತೋರಿಸಿದರು. ಓದು ಅವರ ಪಾಲಿಗೆ ತವರಿನ ಮಾತಾಯಿತು. ಅಲ್ಲಿಂದ ಮುಂದೆ ನನ್ನ ಇಪ್ಪತ್ತು ನಿಮಿಷವನ್ನು ಮನೆಯಲ್ಲಿ ಕಾಯ್ದವರು ಅವರೇ.

7. ದೊಡ್ಡ ಪುಸ್ತಕದಲ್ಲಿ ದಾರಿ ತಪ್ಪದಿರಲು

1967ರಲ್ಲಿ ಬಂದ ಈ ಕಾದಂಬರಿಯ ಕಾಲ ಹತ್ತೊಂಬತ್ತನೆಯ ಶತಮಾನದ ಕೊನೆ. ಕಥೆ ಒಬ್ಬ ನಾಯಕನ ಬೆನ್ನು ಹಿಡಿದು ಹೋಗುವುದಿಲ್ಲ. ಗುತ್ತಿಯೂ ಅವನ ನಾಯಿ ಹುಲಿಯನೂ ಸಿಕ್ಕಿದರು ಎನ್ನುವಷ್ಟರಲ್ಲಿ ಇನ್ನೊಂದು ಮನೆ, ಇನ್ನಷ್ಟು ಜನ. ಹಲವರು ನೂರು ಪುಟದೊಳಗೆ ಕೈಬಿಡುವುದು ಇಲ್ಲೇ. ಪಾತ್ರಗಳ ಪಟ್ಟಿಯನ್ನು ಹೆಸರಿನಂತೆ ಮಾಡದೆ ಮನೆಗಳಂತೆ ಮಾಡಿ, ಬಹಳ ಸಹಾಯವಾಗುತ್ತದೆ. ಲಗ್ನಪತ್ರಿಕೆಯ ಖಾಲಿ ಬದಿಯಲ್ಲಿ ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ, ಹಳೆಮನೆ ಎಂದು ಬರೆದು, ಜನ ಬಂದಂತೆ ಅವರವರ ಮನೆಯ ಕೆಳಗೆ ಸೇರಿಸುತ್ತ ಹೋದೆ. ಕೋಣೂರಿನ ಕೆಳಗೆ ಮುಕುಂದಯ್ಯ, ಹೂವಳ್ಳಿಯ ಕೆಳಗೆ ಚಿನ್ನಮ್ಮ, ಬೆಟ್ಟಳ್ಳಿಯ ಕೆಳಗೆ ತಿಮ್ಮಿ. ಮನೆಗಳು ಕೂತ ಮೇಲೆ ಜನ ತಾವಾಗಿ ಕೂರುತ್ತಾರೆ.

ಅರ್ಥವಾಗದ ಪದಕ್ಕೆಲ್ಲ ನಿಘಂಟು ತೆರೆಯಬೇಡಿ. ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟು ಮುಂದೆ ಹೋಗಿ. ಎರಡನೆಯ ಸಲ ಅದೇ ಪದ ಬಂದು ಅಡ್ಡ ನಿಂತರೆ ಆಗ ಹುಡುಕಿ. ಹೆಚ್ಚಿನವು ಸುತ್ತಲಿನ ಮಾತಿನಿಂದಲೇ ತಿಳಿದುಬಿಡುತ್ತವೆ.

ಬಿಡುವುದು ಯಾವಾಗ? ಹತ್ತು ಕೂರಿಕೆಗಳಾದ ಮೇಲೂ ಪುಸ್ತಕ ನಿಮ್ಮನ್ನು ಕರೆಯುತ್ತಿಲ್ಲವಾದರೆ ಗೌರವದಿಂದ ಕಪಾಟಿಗೆ ಹಿಂತಿರುಗಿಸಿ. ಆದರೆ ಅದೇ ದಿನ ಬೇರೊಂದನ್ನು ಡಬ್ಬಿಯ ಪಕ್ಕಕ್ಕೆ ತನ್ನಿ. ಆ ಜಾಗ ಒಂದು ರಾತ್ರಿಯೂ ಖಾಲಿ ಇರಬಾರದು.

8. ಪ್ರಯಾಣದಲ್ಲಿ ಓದು, ಕೈ ಬಿಡುವಿಲ್ಲದಾಗ ಕೇಳು

ಬಸ್ಸಿನಲ್ಲಿ ಓದಿದರೆ ಹಲವರಿಗೆ ತಲೆಸುತ್ತು ಬರುತ್ತದೆ. ಕಣ್ಣಿಗೆ ಪುಟ ನಿಂತಂತೆ ಕಾಣುತ್ತದೆ, ಒಳಗಿವಿಗೆ ದೇಹ ಅಲುಗಾಡುವುದು ತಿಳಿಯುತ್ತದೆ, ಎರಡೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಅಂಥವರು ಹಟ ಮಾಡಬಾರದು. ಮೆಟ್ರೊ ಇದಕ್ಕಿಂತ ವಾಸಿ. ಬೆಂಗಳೂರಿನ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ 43 ಕಿ.ಮೀ.ಗೂ ಹೆಚ್ಚು. ಅದರ ಅರ್ಧ ದೂರ ಹೋಗುವವರಿಗೂ ದಿನಕ್ಕೆ ಎರಡು ಇಡಿ ಹೊತ್ತು ದೊರೆಯುತ್ತದೆ. ಆದರೆ ಒಂದು ಕೈಯಲ್ಲಿ ಕಂಬಿ ಹಿಡಿದು ಏಳುನೂರು ಪುಟದ ಪುಸ್ತಕ ಓದಲಾಗದು. ಮೆಟ್ರೊಗೆ ತೆಳುವಾದದ್ದೊಂದು ಬೇರೆಯೇ ಇರಲಿ. ಒಂದೇ ಪುಸ್ತಕ ಎಂಬ ನಿಯಮಕ್ಕೆ ಕಗ್ಗದಂಥ ಚೂರು ಓದನ್ನು ಬಿಟ್ಟರೆ ನಾನು ಒಪ್ಪುವ ವಿನಾಯಿತಿ ಇದೊಂದೇ.

ರೊಟ್ಟಿ ತಟ್ಟುವಾಗ, ಸ್ಕೂಟರನ್ನು ತೊಳೆಯುವಾಗ ಕೈ ಬಿಡುವಿರುವುದಿಲ್ಲ, ಕಿವಿ ಬಿಡುವಾಗಿರುತ್ತದೆ. ಕೇಳುವುದು ಓದಿನಷ್ಟು ಒಳ್ಳೆಯದೇ ಎಂದು ಅನುಮಾನಿಸುವವರಿಗೆ ಕುಮಾರವ್ಯಾಸನನ್ನು ನೆನಪಿಸುತ್ತೇನೆ. ಹತ್ತು ಪರ್ವಗಳ ಅವನ ಭಾರತ ನಮ್ಮ ಹಳ್ಳಿಗಳಲ್ಲಿ ಬದುಕಿದ್ದು ಕಿವಿಯ ಮೂಲಕ. ಗಮಕಿ ವಾಚನ ಮಾಡುವರು, ವ್ಯಾಖ್ಯಾನಕಾರರು ಅರ್ಥ ಬಿಡಿಸುವರು, ಅಕ್ಷರ ಬಾರದವರೂ ಕರ್ಣನಿಗಾಗಿ ಕಣ್ಣೀರಿಡುವರು. ಭಾಮಿನಿ ಷಟ್ಪದಿಯ ಒಂದು ಪದ್ಯಕ್ಕೆ 102 ಮಾತ್ರೆ. ಅದರ ನಡಿಗೆ ಕಣ್ಣಿಗಿಂತ ಮೊದಲು ಕಿವಿಗೆ ಹತ್ತುತ್ತದೆ. ಕುಮಾರವ್ಯಾಸನನ್ನು ಓದಬೇಕೆಂದು ಮುಂದೂಡುತ್ತ ಬಂದವರು ಪುಸ್ತಕದಿಂದ ಆರಂಭಿಸದೆ ಗಮಕದ ಧ್ವನಿಮುದ್ರಿಕೆಯಿಂದ ಆರಂಭಿಸಿ. ಮೊದಲು ಕೇಳಿ, ರಾತ್ರಿ ಅದೇ ಭಾಗವನ್ನು ಪುಸ್ತಕದಲ್ಲಿ ನೋಡಿ.

9. ತಪ್ಪಿಹೋದ ದಿನಗಳು

ತಪ್ಪುತ್ತವೆ. ನನಗೆ ಮೇ ತಿಂಗಳಲ್ಲಿ ಒಂದು ಗೃಹಪ್ರವೇಶ, ಅದರ ಹಿಂದೆಯೇ ಮಗಳಿಗೆ ಜ್ವರ, ಒಟ್ಟು ಹದಿನೇಳು ದಿನ ಪುಸ್ತಕ ಮುಟ್ಟಲಾಗಲಿಲ್ಲ. ಹಿಂದೆಲ್ಲ ಇಂಥ ಬಿಡುವಿನ ನಂತರ ಎರಡು ತಪ್ಪು ಮಾಡುತ್ತಿದ್ದೆ. ಒಂದು, ಮರೆತುಹೋಗಿದೆ ಎಂದು ಮೊದಲ ಪುಟದಿಂದ ಮತ್ತೆ ಶುರುಮಾಡುವುದು. ಇನ್ನೊಂದು, ತಪ್ಪಿದ ಪುಟಗಳನ್ನೆಲ್ಲ ಒಂದೇ ಭಾನುವಾರ ಓದಿ ಮುಗಿಸಲು ಹೋಗುವುದು. ಎರಡರಿಂದಲೂ ಪುಸ್ತಕ ಸಾಲದ ಕಂತಾಗಿಬಿಡುತ್ತದೆ. ಬಿಟ್ಟ ಜಾಗದಿಂದ ಎರಡು ಪುಟ ಹಿಂದಕ್ಕೆ ಹೋಗಿ ಓದಿ, ಅಲ್ಲಿಂದ ಎಂದಿನಂತೆ ಎಂಟು ಪುಟ. ಮುಗಿಯುವ ದಿನಾಂಕ ಮುಂದಕ್ಕೆ ಹೋಗಲಿ. ಪ್ರತಿದಿನ ಮುಚ್ಚುವ ಮುನ್ನ ‘ಈಗ ಏನಾಗಿದೆ’ ಎಂದು ಚೀಟಿಯಲ್ಲಿ ಒಂದು ಸಾಲು ಬರೆದಿಟ್ಟರೆ ತಿಂಗಳ ನಂತರವೂ ದಾರಿ ಸಿಗುತ್ತದೆ.

10. ಗ್ರಂಥಾಲಯದ ಗಡುವು

ಸ್ವಂತ ಪುಸ್ತಕ ಎಲ್ಲಿಗೂ ಹೋಗುವುದಿಲ್ಲ ಎಂಬ ಧೈರ್ಯದಿಂದಲೇ ಅದನ್ನು ಮುಂದೂಡುತ್ತೇವೆ. ಎರವಲು ತಂದ ಪುಸ್ತಕಕ್ಕೆ ಗಡುವಿದೆ. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ನಾವು ಕಟ್ಟುತ್ತೇವೆ. ಆ ಪುಸ್ತಕಗಳು ನಮ್ಮವು. ನಗರದಲ್ಲಿ ಬಡಾವಣೆಯ ಶಾಖಾ ಗ್ರಂಥಾಲಯವನ್ನೂ ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವನ್ನೂ ಒಮ್ಮೆ ಹೊಕ್ಕು ನೋಡಿ. ಸದಸ್ಯರಾಗಿ ಒಂದು ಪುಸ್ತಕ ತಂದರೆ, ಒಳಪುಟದಲ್ಲಿ ಮುದ್ರೆ ಒತ್ತಿದ ಹಿಂತಿರುಗಿಸುವ ದಿನಾಂಕ ನೂರು ಸಂಕಲ್ಪಗಳಿಗಿಂತ ಗಟ್ಟಿಯಾಗಿ ಕೆಲಸ ಮಾಡುತ್ತದೆ. ಕನ್ನಡ ಗ್ರಂಥಾಲಯ ಹತ್ತಿರವಿಲ್ಲದ ಹೊರನಾಡಿನವರು, ಹೊರದೇಶದವರು ಒಬ್ಬ ಗೆಳತಿಯನ್ನೋ ಅಣ್ಣನನ್ನೋ ಜೊತೆಮಾಡಿಕೊಂಡು ಒಂದೇ ಪುಸ್ತಕ ಹಿಡಿಯಿರಿ. ವಾರಕ್ಕೊಮ್ಮೆ ಅದರ ಬಗ್ಗೆ ಫೋನಿನಲ್ಲಿ ಮಾತಾಡಿದರೆ ಅದೂ ಗಡುವೇ.

11. ಮುಗಿದ ದಿನ

ಹೊಸ ಪುಸ್ತಕವನ್ನು ಕೂಡಲೇ ತೆರೆಯಬೇಡಿ. ಒಂದು ದಿನ ಡಿಕಾಕ್ಷನ್ ಇಳಿಯುವ ಹೊತ್ತಿನಲ್ಲಿ ಸುಮ್ಮನೆ ಕಿಟಕಿಯ ಬಳಿ ಕೂತು ಓದಿದ್ದನ್ನು ನೆನೆಯಿರಿ, ಇಷ್ಟವಾದ ಪುಟಗಳನ್ನು ಮತ್ತೆ ತೆರೆಯಿರಿ. ಆ ರಾತ್ರಿ ಮುಂದಿನ ಪುಸ್ತಕವನ್ನು ಆರಿಸಿ ಡಬ್ಬಿಯ ಪಕ್ಕದಲ್ಲಿಡಿ.

ಯುಗಾದಿಗೆ ಹಿಡಿದ ‘ಮದುಮಗಳು’ ನನಗೆ ಮುಗಿದದ್ದು ಆಷಾಢದ ಹುಣ್ಣಿಮೆ ಕಳೆದು ನಾಲ್ಕು ದಿನಕ್ಕೆ, ಲೆಕ್ಕಕ್ಕಿಂತ ಹದಿನೆಂಟು ದಿನ ತಡವಾಗಿ. ಪುಸ್ತಕವನ್ನು ಕಪಾಟಿಗೆ ಇಡಲು ಹೋದಾಗ ಅತ್ತೆ ಕೈಚಾಚಿ ಇಸಿದುಕೊಂಡರು. ಚಾಳೀಸು ಹಾಕಿಕೊಂಡು, ಮಧ್ಯಾಹ್ನ ಊಟವಾದ ಮೇಲೆ, ವರಾಂಡದ ಬೆಳಕಿನಲ್ಲಿ ಓದುತ್ತಾರೆ. ಮನೆಗಳ ಪಟ್ಟಿ ಬರೆದ ಲಗ್ನಪತ್ರಿಕೆ ಈಗ ಅವರ ಗುರುತು. ನಿನ್ನೆ ನೋಡಿದಾಗ 140ನೇ ಪುಟದಲ್ಲಿತ್ತು, ನಾನು ತಪ್ಪು ಮನೆಗೆ ಸೇರಿಸಿದ್ದ ಒಂದು ಹೆಸರನ್ನು ಅವರು ಪೆನ್ಸಿಲಿನಿಂದ ತಿದ್ದಿದ್ದರು.